ಆಟದ ಪೆಟ್ಟಿಗೆಯ ಮುರಿದ ಗುಂಡಿ



ಇಂದಿನ ಮಾತು ಗುಂಡಿಯ ವಿಷಯ. ತೆಂಗಿನ ಸಸಿ ನೆಡಲು ತೋಡುವ ಗುಂಡಿಯಲ್ಲ, ಅಂಗಿಯ ಗುಂಡಿಯೂ ಅಲ್ಲ. ಬೆರಳಿನಿಂದ ಒತ್ತುವ ಪ್ಲಾಸ್ಟಿಕ್ ಗುಂಡಿ. ನಮ್ಮ ಬೇರಿಕೆಯಲ್ಲಿ ಕನ್ನಡದವರೂ ತೆಲುಗಿನವರೂ ಇದನ್ನು ಗುಂಡಿ ಎಂದೇ ಅನ್ನುತ್ತೇವೆ, ತಮಿಳಿನವರು ಪೊತ್ತಾನ್ ಅನ್ನುತ್ತಾರೆ, ಅಂಗಡಿಯಲ್ಲಿ ನಿಂತು ಕೇಳುವಾಗ ಎಲ್ಲರೂ ಬಟನ್ ಅನ್ನುತ್ತೇವೆ. ಮುರಿದರೆ ಮಾತ್ರ ಮೂರು ಭಾಷೆಯಲ್ಲೂ ಒಂದೇ ಉತ್ತರ ಸಿಗುತ್ತದೆ: 'ಎಸೆದುಬಿಡಿ ಸಾರ್, ಈಗ ಇದಕ್ಕೆ ಸಾಮಾನು ಬರೋದಿಲ್ಲ.'

ಸಾಮಾನು ಬರುವುದಿಲ್ಲ ಎನ್ನುವುದು ನಿಜ. ಎಸೆಯಬೇಕು ಎನ್ನುವುದು ನಿಜವಲ್ಲ. ಅದನ್ನು ಹೇಳುವುದಕ್ಕೇ ಬಂದಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ಹತ್ತನೇ ತರಗತಿ ಪಾಸು ಮಾಡಿ ಬ್ಯಾಂಕಿಗೆ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಕಲಿತದ್ದೆಲ್ಲ ಕೈಸುಟ್ಟುಕೊಂಡು ಕಲಿತದ್ದು. ಬಾನುಲಿಯಲ್ಲಿ ಚಿತ್ರ ತೋರಿಸಲಾಗದ್ದರಿಂದ, ತಾವೇ ಕೈಯಲ್ಲಿ ಹಿಡಿದುಕೊಂಡಿದ್ದೀರಿ ಎಂದು ಭಾವಿಸಿ ಹೇಳುತ್ತೇನೆ.

ಹೋದ ಬೇಸಿಗೆ ರಜೆಯಲ್ಲಿ ನಮ್ಮ ಮೊಮ್ಮಗ ಅಟ್ಟ ಹತ್ತಿ ಒಂದು ಪೆಟ್ಟಿಗೆ ಇಳಿಸಿದ. ಹಳೆಯ ವಿಡಿಯೋ ಗೇಮ್. ಟಿ.ವಿ.ಗೆ ತಂತಿ ತಗಲಿಸಿ, ಮೇಲೆ ಕ್ಯಾಸೆಟ್ ಸಿಕ್ಕಿಸಿ ಆಡುವುದು. ೧೯೯೫ರ ಹಬ್ಬದ ಮುಂಗಡದಲ್ಲಿ ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ಟಿನಿಂದ ನಾನೇ ತಂದದ್ದು. ತಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಸಮುರಾಯ್, ಮೀಡಿಯಾ ಮುಂತಾದ ಹೆಸರಿನ ಪೆಟ್ಟಿಗೆಗಳು ಆಗ ಮನೆಮನೆಗೆ ಬಂದಿದ್ದವು, ಹೆಸರೇ ಇಲ್ಲದವು ಇನ್ನೂ ಹೆಚ್ಚು ಬಂದಿದ್ದವು. ಕ್ಯಾಸೆಟ್ಟಿನ ಮೇಲೆ ೯೯,೯೯,೯೯೯ ಆಟ ಎಂದು ಅಚ್ಚಾಗಿರುತ್ತಿತ್ತು. ಎಣಿಸಿದರೆ ಬೆರಳೆಣಿಕೆಯಷ್ಟೇ ಆಟ, ಮಿಕ್ಕಿದ್ದೆಲ್ಲ ಅವೇ ಬೇರೆ ಹೆಸರಿನಲ್ಲಿ. ನಮ್ಮ ಬ್ಯಾಂಕಿನ ಲೆಡ್ಜರಿನಲ್ಲಿ ಹೀಗೆ ಬರೆದಿದ್ದರೆ ಜೈಲಿಗೆ ಹೋಗುತ್ತಿದ್ದೆವು.

ಈ ಪೆಟ್ಟಿಗೆಗಳ ಮೂಲ ಜಪಾನಿನ ನಿಂಟೆಂಡೊ ಕಂಪನಿ ೧೯೮೩ರ ಜುಲೈ ೧೫ರಂದು ಹೊರತಂದ 'ಫ್ಯಾಮಿಲಿ ಕಂಪ್ಯೂಟರ್'. ಅದನ್ನು ರೂಪಿಸಿದವರು ಮಸಾಯುಕಿ ಉಎಮುರಾ ಎಂಬ ಇಂಜಿನಿಯರು. ೨೦೨೧ರಲ್ಲಿ ತೀರಿಕೊಂಡರು. ನಮ್ಮ ಕಡೆ ಬಂದ ಬಹುಪಾಲು ಪೆಟ್ಟಿಗೆಗಳು ಅದನ್ನು ನೋಡಿ ಮಾಡಿದ ನಕಲುಗಳು. ಇಲ್ಲಿ ಒಂದು ಸಂಗತಿ ಸ್ವಾರಸ್ಯವಾದದ್ದು. ಜಪಾನಿನ ಆ ಮೊದಲ ಪೆಟ್ಟಿಗೆಗಳಲ್ಲಿ ಎ, ಬಿ ಗುಂಡಿಗಳು ಚೌಕಾಕಾರದ ರಬ್ಬರಿನವು. ಒತ್ತಿ ಒತ್ತಿ ಅವು ಒಳಗೇ ಸಿಕ್ಕಿಕೊಳ್ಳುತ್ತಿದ್ದವು. ಆಮೇಲೆ ದುಂಡನೆಯ ಗಟ್ಟಿ ಪ್ಲಾಸ್ಟಿಕ್ ಗುಂಡಿ ಹಾಕಿದರು. ಅಂದರೆ ಮಾಡಿದವರಿಗೂ ಮೊದಲು ಕೈಕೊಟ್ಟದ್ದು ಗುಂಡಿಯೇ.

ಈಗ ಗುಂಡಿ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಇದು ತಿಳಿಯದೆ ಸ್ಕ್ರೂ ಬಿಚ್ಚಬಾರದು. ಮೇಲೆ ನಮ್ಮ ಬೆರಳು ತಾಗುವ ಪ್ಲಾಸ್ಟಿಕ್ ಟೋಪಿ. ಅದರ ಕೆಳಗೆ ಇಡ್ಲಿ ತಟ್ಟೆಯ ಕುಳಿಗಳನ್ನು ಬೋರಲು ಹಾಕಿದ ಹಾಗೆ ಉಬ್ಬುಉಬ್ಬಾದ ಒಂದು ರಬ್ಬರ್ ಹಾಳೆ. ಪ್ರತಿ ಉಬ್ಬಿನ ಹೊಟ್ಟೆಯಲ್ಲಿ ಕಪ್ಪನೆಯ ಇಂಗಾಲದ ಬಿಲ್ಲೆ. ಅದರ ಕೆಳಗೆ ಸರ್ಕ್ಯೂಟ್ ಹಲಗೆ. ಆ ಹಲಗೆಯ ಮೇಲೆ ಎರಡು ಬಾಚಣಿಗೆಗಳ ಹಲ್ಲು ಒಂದರೊಳಗೊಂದು ಹೊಕ್ಕು ತಾಗದೆ ನಿಂತ ಹಾಗೆ ಗೆರೆಗಳು. ಗುಂಡಿ ಒತ್ತಿದಾಗ ಕಪ್ಪು ಬಿಲ್ಲೆ ಇಳಿದು ಆ ಗೆರೆಗಳನ್ನು ಸೇರಿಸುತ್ತದೆ. ಕೈಬಿಟ್ಟರೆ ರಬ್ಬರು ತಾನೇ ಎದ್ದು ಗುಂಡಿಯನ್ನು ಮೇಲಕ್ಕೆತ್ತುತ್ತದೆ. ಕಬ್ಬಿಣದ ಸ್ಪ್ರಿಂಗು ಎಲ್ಲೂ ಇಲ್ಲ. ಎಷ್ಟೋ ಜನ ಸ್ಪ್ರಿಂಗು ಕಳೆದುಹೋಯಿತೆಂದು ನೆಲವೆಲ್ಲ ತಡಕಾಡುತ್ತಾರೆ, ನಾನೂ ತಡಕಾಡಿದ್ದೇನೆ.

ಮುಂದಿನದು ಬ್ಯಾಂಕಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಕೈಯಲ್ಲಿ ಹಿಡಿಯುವ ಪ್ಯಾಡಿನಲ್ಲಿ ಎಂಟು ಗುಂಡಿಗಳ ಲೆಕ್ಕ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಒಳಗಿರುವ ಚಿಪ್ಪು, ಅಸಲಿ ಪ್ಯಾಡಿನಲ್ಲಾದರೆ ೪೦೨೧ ಎಂಬ ನಂಬರಿನದು, ಈ ಎಂಟನ್ನೂ ಒಂದೇ ಕ್ಷಣದಲ್ಲಿ ನೋಡಿಟ್ಟುಕೊಂಡು, ಕ್ಯಾಷಿಯರ್ ಟೋಕನ್ ಕೂಗಿದ ಹಾಗೆ ಒಂದಾದ ಮೇಲೊಂದು ವರದಿ ಒಪ್ಪಿಸುತ್ತದೆ. ನಮ್ಮ ದೇಶದ ಟಿ.ವಿ. ಪದ್ಧತಿಯಲ್ಲಿ ಸಾಧಾರಣವಾಗಿ ಸೆಕೆಂಡಿಗೆ ೫೦ ಸಲ. ನಕಲು ಪೆಟ್ಟಿಗೆಗಳಲ್ಲಿ ಚಿಪ್ಪಿನ ಬದಲು ಹಲಗೆಯ ಮೇಲೆ ಕರಿಯ ಅಂಟಿನ ಬೊಟ್ಟೊಂದು ಇರುತ್ತದೆ, ಮಗುವಿಗೆ ದೃಷ್ಟಿಬೊಟ್ಟು ಇಟ್ಟ ಹಾಗೆ. ಅದನ್ನು ಕೆರೆಯಬೇಡಿ. ಪೆಟ್ಟಿಗೆಯ ಪ್ರಾಣ ಅದರ ಅಡಿಯಲ್ಲಿದೆ.

ಇನ್ನು ಕೂಡುವ ಗುರುತಿನ ಹಾಗಿರುವ ಗುಂಡಿ. ಇದನ್ನು ೧೯೮೨ರಲ್ಲಿ ಗುನ್‌ಪೆ ಯೊಕೊಯಿ ಎಂಬುವರು ಒಂದು ಕೈಯಾಟಕ್ಕಾಗಿ ಮಾಡಿದರು. ನೋಡಲು ನಾಲ್ಕು ಗುಂಡಿ, ನಿಜದಲ್ಲಿ ಒಂದೇ ತುಂಡು. ಇದರ ನಡುಮಧ್ಯದ ಅಡಿಯಲ್ಲಿ ಒಂದು ಗಿಡ್ಡ ಮೊಳೆಯಂಥ ಉಬ್ಬಿದೆ. ಅದರ ಮೇಲೆ ಗುಂಡಿ ಏತದ ಹಾಗೆ ತೂಗುತ್ತದೆ. ಎಡಗಡೆ ಇಳಿದರೆ ಬಲಗಡೆ ಏಳಲೇಬೇಕು. ಈ ಉಬ್ಬು ಮುರಿದರೆ ಗುಂಡಿ ಚಪ್ಪಟೆಯಾಗಿ ಕುಸಿದು ನಾಲ್ಕು ಕಡೆಯೂ ಒಟ್ಟಿಗೆ ಒತ್ತಿಕೊಳ್ಳುತ್ತದೆ. ಎಡಕ್ಕೂ ಬಲಕ್ಕೂ ಒಟ್ಟಿಗೆ ಹೋಗು ಎಂದರೆ ಆಟದೊಳಗಿನ ಮನುಷ್ಯ ಪಾಪ ಏನು ಮಾಡಿಯಾನು?

ನಮ್ಮ ಪೆಟ್ಟಿಗೆಯಲ್ಲಿ ಮುರಿದಿದ್ದದ್ದು ಇದೇ ಉಬ್ಬು. ಜೊತೆಗೆ ಪೆಟ್ಟಿಗೆಯ ಮೈಮೇಲಿನ ರೀಸೆಟ್ ಗುಂಡಿ ಒಳಕ್ಕೆ ಕುಸಿದಿತ್ತು, ಎರಡನೆಯ ಪ್ಯಾಡಿನ ಬಿ ಗುಂಡಿ ಕಾಣೆಯಾಗಿತ್ತು. 'ಹೇಗೆ ಮುರೀತು ತಾತ?' ಎಂದು ಮೊಮ್ಮಗ ಕೇಳಿದ. ಹಳೇದಲ್ಲವೇನೋ ಎಂದೆ.

ತಮ್ಮೆದುರಿಗೆ ಸುಳ್ಳು ಹೇಳುವುದಿಲ್ಲ. ಅದನ್ನು ಮುರಿದವನು ನಾನು. ೧೯೯೭ರಲ್ಲಿ ಮಗ ಹತ್ತನೇ ತರಗತಿ. ಅರೆವಾರ್ಷಿಕ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ಫೇಲಾದ. ಬ್ಯಾಂಕಿನವನ ಮಗ ಲೆಕ್ಕದಲ್ಲಿ ಫೇಲಾದ ಎಂದು ಅಂಗಡಿಬೀದಿಯಲ್ಲಿ ಯಾರೋ ಅಂದರು. ಮನೆಗೆ ಬಂದಾಗ ಅವನು ಇದನ್ನೇ ಆಡುತ್ತಿದ್ದ. ಪೆಟ್ಟಿಗೆ ಎತ್ತಿ ಕಡಪಾ ಕಲ್ಲಿನ ನೆಲಕ್ಕೆ ಕುಕ್ಕಿದೆ. ಅವನು ಅಳಲಿಲ್ಲ. ತುಂಡುಗಳನ್ನು ಆಯ್ದು, ತಂತಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೆ ಹಾಕಿದ. ಆ ಮೇಲೆ ಅದರ ಹೆಸರೆತ್ತಲಿಲ್ಲ. ನಾನೂ ಎತ್ತಲಿಲ್ಲ. ಅವನು ಐ.ಟಿ.ಐ. ಓದಿ ಈಗ ಹೊಸೂರಿನಲ್ಲಿ ಪ್ಲಾಸ್ಟಿಕ್ ಅಚ್ಚು ಮಾಡುವ ಕಾರ್ಖಾನೆಯೊಂದರಲ್ಲಿದ್ದಾನೆ. ಲೆಕ್ಕ ಬಾರದವನೆಂದು ನಾನು ಬೈದ ಹುಡುಗ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಲೆಕ್ಕದಲ್ಲಿ ಕೆಲಸ ಮಾಡುತ್ತಾನೆ.

ರಿಪೇರಿಯ ಮಾತಿಗೆ ಬರೋಣ. ಮೊದಲು ದೋಷ ಎಲ್ಲಿದೆ ಎಂದು ತಿಳಿಯಬೇಕು. ಸಣ್ಣ ನಕ್ಷತ್ರ ಮೂತಿಯ ತಿರುಪುಳಿಯಿಂದ ಪ್ಯಾಡಿನ ಬೆನ್ನಿನ ಸ್ಕ್ರೂಗಳನ್ನು ಬಿಚ್ಚಿ, ಒಂದೊಂದನ್ನೂ ಅದು ಇದ್ದ ಜಾಗದ ಗುರುತು ಬರೆದ ಕಾಗದಕ್ಕೆ ಚುಚ್ಚಿಡಿ. ಪೆಟ್ಟಿಗೆಯನ್ನು ಚಾಲೂ ಮಾಡಿ, ಟೋಪಿಯಿಲ್ಲದೆ ರಬ್ಬರನ್ನೇ ಬೆರಳಿನಿಂದ ಒತ್ತಿ. ಕೆಲಸ ಮಾಡಿದರೆ ದೋಷ ಪ್ಲಾಸ್ಟಿಕ್ಕಿನದು. ಮಾಡದಿದ್ದರೆ ರಬ್ಬರು ತೆಗೆದು, ಆ ಬಾಚಣಿಗೆ ಗೆರೆಗಳ ಮೇಲೆ ಒಂದು ನಾಣ್ಯ ಇಟ್ಟು ತೆಗೆಯಿರಿ. ನಾನು ನಾಲ್ಕಾಣೆ ಇಟ್ಟೆ. ೨೦೧೧ರಲ್ಲಿ ಚಲಾವಣೆ ನಿಂತ ಮೇಲೆ ಅದಕ್ಕೆ ಸಿಕ್ಕಿದ ಕೆಲಸ ಇದೊಂದೇ. ಆಗ ಕೆಲಸ ಮಾಡಿದರೆ ದೋಷ ರಬ್ಬರಿನದು. ಆಗಲೂ ಮಾಡದಿದ್ದರೆ ತಂತಿ ತುಂಡಾಗಿದೆ ಅಥವಾ ಚಿಪ್ಪು ಹೋಗಿದೆ. ಪ್ಯಾಡಿನೊಳಗೆ ಹರಿಯುವುದು ಐದು ವೋಲ್ಟು ಮಾತ್ರ, ಹೆದರಬೇಕಾಗಿಲ್ಲ. ಗೋಡೆಗೆ ಸಿಕ್ಕಿಸುವ ಅಡಾಪ್ಟರನ್ನು ಮಾತ್ರ ಬಿಚ್ಚಬೇಡಿ.

ದೋಷ ಪ್ಲಾಸ್ಟಿಕ್ಕಿನದಾದರೆ, ಯಾವ ಪ್ಲಾಸ್ಟಿಕ್ ಎಂಬುದು ಮುಂದಿನ ಪ್ರಶ್ನೆ. ನಾನು ಇದನ್ನು ಕೇಳಿಕೊಳ್ಳದೆ, ಕ್ಷಣದಲ್ಲಿ ಹಿಡಿಯುವ ಅಂಟಿನ ಟ್ಯೂಬು ತಂದು ಸುರಿದೆ. ಅದೂ ಗುಂಡಿಯನ್ನು ಹೊರಗೆ ತೆಗೆಯದೆ. ಅಂಟು ಸಂದಿನಲ್ಲಿ ಇಳಿದು ರೀಸೆಟ್ ಗುಂಡಿ ಪೆಟ್ಟಿಗೆಗೇ ಹಿಡಿದುಕೊಂಡಿತು. ಸುತ್ತ ಬೂದಿ ಬಳಿದಂತೆ ಬೆಳ್ಳಗಾಯಿತು. ಒರೆಸಲು ಹತ್ತಿ ತೆಗೆದುಕೊಂಡರೆ ಬೆರಳು ಚುರ್ ಎಂದಿತು, ಏಕೆಂದರೆ ಆ ಅಂಟು ಹತ್ತಿಗೆ ತಾಗಿದರೆ ಕಾವೇರುತ್ತದೆ. ಇದನ್ನು ಮಕ್ಕಳಿರುವ ಮನೆಯವರು ಮುಖ್ಯವಾಗಿ ನೆನಪಿಡಬೇಕು. ಅಂಟು ಹಿಡಿದದ್ದೇನೋ ನಿಜ, ಆದರೆ ಗಾಜಿನಂತೆ ಪೆಡಸು. ಗುಂಡಿಯ ಕೆಲಸವೇ ದಿನಕ್ಕೆ ಸಾವಿರ ಪೆಟ್ಟು ತಿನ್ನುವುದು. ಮೊಮ್ಮಗ ಅರ್ಧ ಗಂಟೆ ಆಡಿದ, ಟಪ್ ಎಂದು ಮತ್ತೆ ಬಂತು.

ಆಗ ಹೊಸೂರಿಗೆ ಫೋನು ಮಾಡಿದೆ. ಮಗನಿಗೆ, ಇಂಥ ಗುಂಡಿ ಯಾವ ಪ್ಲಾಸ್ಟಿಕ್ಕಿನದಿರಬಹುದು ಎಂದು ಕೇಳಿದೆ. ಯಾವ ಪೆಟ್ಟಿಗೆಯ ಗುಂಡಿ ಎಂದು ಅವನು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎ.ಬಿ.ಎಸ್. ಇರುತ್ತೆ ಅಪ್ಪಾ. ಒಂದು ಚೂರು ನೀರಿಗೆ ಹಾಕಿ ನೋಡು' ಅಂದ.

ಆ ನೀರಿನ ಪರೀಕ್ಷೆ ಹೀಗೆ. ಒಂದು ಲೋಟ ನೀರಿಗೆ ಒಂದು ತೊಟ್ಟು ಸೋಪು ಬೆರೆಸಿ, ಮುರಿದ ಚೂರನ್ನು ಬೆರಳಿನಿಂದ ಮುಳುಗಿಸಿ, ಗಾಳಿಗುಳ್ಳೆ ತೆಗೆದು ಕೈಬಿಡಿ. ಮೇಲೆದ್ದು ತೇಲಿದರೆ ಅದು ಬಿಂದಿಗೆ, ಡಬ್ಬಿ ಮಾಡುವ ಜಾತಿ, ಪಾಲಿಥಿನ್ ಅಥವಾ ಪಾಲಿಪ್ರೊಪಿಲಿನ್. ಮನೆಯಲ್ಲಿರುವ ಅಂಟುಗಳು ಅದಕ್ಕೆ ನಿಲ್ಲುವುದಿಲ್ಲ. ಮುಳುಗಿದರೆ ಎ.ಬಿ.ಎಸ್. ಅಥವಾ ಅದರ ನೆಂಟ ಪಾಲಿಸ್ಟೈರಿನ್ ಇರಬಹುದು. ಖಾತ್ರಿಗಾಗಿ ಒಳಮೈಯ ಮರೆಯಲ್ಲಿ ಅಸಿಟೋನ್ ಒಂದು ತೊಟ್ಟು ಮುಟ್ಟಿಸಿ. ಅಂಟಂಟಾದರೆ ನಮ್ಮ ಕೆಲಸ ಅರ್ಧ ಆದಂತೆ. ಎ.ಬಿ.ಎಸ್. ಎಂಬುದು ಅಕ್ರಿಲೋನೈಟ್ರೈಲ್, ಬ್ಯುಟಡೈಯಿನ್, ಸ್ಟೈರಿನ್ ಎಂಬ ಮೂರರ ಕೂಡುಕುಟುಂಬ. ನಡುವಿನದು ರಬ್ಬರಿನ ಗುಣದ್ದು, ಪೆಟ್ಟು ತಡೆಯುವುದು ಅದರಿಂದಲೇ. ವರ್ಷಗಳು ಕಳೆದಂತೆ, ಬಿಸಿಲು ಬಿದ್ದಂತೆ ಆ ರಬ್ಬರಿನ ಅಂಶವೇ ಮೊದಲು ಸೊರಗುತ್ತದೆ. ಹಳೆಯ ಪೆಟ್ಟಿಗೆ ಸುಲಭವಾಗಿ ಬಿರಿಯುವುದಕ್ಕೆ ಅದೇ ಕಾರಣ.

ಅಸಿಟೋನ್ ಎ.ಬಿ.ಎಸ್.ಅನ್ನು ಕರಗಿಸುತ್ತದೆ, ತಾನು ಆರಿಹೋಗುತ್ತದೆ. ಹಾಗಾಗಿ ಇದು ಅಂಟಿಸುವುದಲ್ಲ, ಬೆಸುಗೆ. ಎರಡು ತುಂಡಿನ ಅಂಚೂ ಕರಗಿ ಒಂದರೊಳಗೊಂದು ಸೇರುತ್ತವೆ. ಉಗುರಿನ ಬಣ್ಣ ತೆಗೆಯುವ ದ್ರಾವಣವಾದರೂ ಆದೀತು, ಆದರೆ ಸೀಸೆಯ ಮೇಲೆ ಅಸಿಟೋನ್ ಎಂದು ಬರೆದಿದೆಯೇ ನೋಡಿ, ಈಗ ಅದಿಲ್ಲದವೂ ಬರುತ್ತವೆ. ಪೆಟ್ಟಿಗೆಯ ಒಳಗೋಡೆಯಲ್ಲಿ ಕೆಲಸಕ್ಕೆ ಬಾರದ ಏಣುಗಳಿರುತ್ತವೆ. ಅದರಿಂದ ಒಂದಿಷ್ಟು ಹೆರೆದು ಗಾಜಿನ ಸೀಸೆಗೆ ಹಾಕಿ, ಮುಳುಗುವಷ್ಟು ಅಸಿಟೋನ್ ಹುಯ್ದು, ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅದು ರಾಗಿ ಅಂಬಲಿಯ ಹದಕ್ಕೆ ಬಂದಿರಬೇಕು. ಮುದ್ದೆಯ ಹದಕ್ಕೆ ಬಂದರೆ ಇನ್ನಷ್ಟು ಹುಯ್ಯಿರಿ. ಪ್ಲಾಸ್ಟಿಕ್ ಚಮಚದಲ್ಲಿ ಕಲಕಬೇಡಿ, ಚಮಚವೂ ಅಂಬಲಿಯಾದೀತು. ಒಲೆ, ಬೀಡಿ, ದೀಪ ಯಾವುದೂ ಹತ್ತಿರ ಇರಬಾರದು, ಭಗ್ಗನೆ ಹತ್ತುವ ವಸ್ತು ಅದು. ಜಗಲಿಯ ಮೇಲೆ ಗಾಳಿಗೆ ಕುಳಿತು ಮಾಡಿ.

ಕೂಡುಗುರುತಿನ ಗುಂಡಿಯ ಉಬ್ಬನ್ನು ಕೂರಿಸುವಾಗ ಅಳತೆಯೇ ಜೀವಾಳ. ಎತ್ತರ ಹೆಚ್ಚಾದರೆ ಕೈಗಳು ರಬ್ಬರನ್ನು ಮುಟ್ಟುವುದಿಲ್ಲ, ಕಡಿಮೆಯಾದರೆ ಎರಡು ಕಡೆ ಒಟ್ಟಿಗೆ ಇಳಿಯುತ್ತದೆ. ಎರಡನೆಯ ಪ್ಯಾಡಿನ ಗುಂಡಿ ಸರಿಯಿತ್ತು. ಹಳೆಯ ಪಾಸ್ ಪುಸ್ತಕದ ರಟ್ಟಿನಲ್ಲಿ ಅದರ ಅಡಿಯ ಆಕಾರ ಕತ್ತರಿಸಿ ಅಳತೆಗೋಲು ಮಾಡಿಕೊಂಡೆ. ಎರಡೂ ಅಂಚಿಗೆ ಬರೀ ಅಸಿಟೋನ್ ಸವರಿ, ಮೆತ್ತಗಾದ ಮೇಲೆ ಒತ್ತಿ ಹಿಡಿದು, ರಟ್ಟಿಟ್ಟು ನೋಡಿ, ಸುತ್ತಲೂ ಅಂಬಲಿಯನ್ನು ತೆಳ್ಳಗೆ ಬಳಿದೆ. ದಪ್ಪಗೆ ಬಳಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿರುತ್ತದೆ. ಒಂದು ಪದರಕ್ಕೆ ಒಂದು ದಿನ ಬಿಡಬೇಕು. ಆಮೇಲೆ ನೀರು ಹಚ್ಚಿ ನಯವಾದ ಎಮರಿ ಕಾಗದದಿಂದ ಉಜ್ಜಿ.

ರೀಸೆಟ್ ಗುಂಡಿಯ ಕಥೆ ಬೇರೆ. ಅದು ತೆಳ್ಳನೆಯ ಪ್ಲಾಸ್ಟಿಕ್ ತೋಳಿನ ತುದಿಯಲ್ಲಿದ್ದು, ಒತ್ತಿದಾಗ ತೋಳು ಬಾಗಬೇಕು. ಬಾಗುವ ಕಡೆಯೇ ಬಿರಿದರೆ ಬರೀ ಬೆಸುಗೆ ನಿಲ್ಲದು, ಒಳಗೆ ಮೂಳೆ ಬೇಕು. ನನ್ನ ಬಳಿ ಒಂದು ಡಬ್ಬಿ ಸ್ಟೇಪ್ಲರ್ ಪಿನ್ನು ಇತ್ತು. ೨೦೦೧ರಲ್ಲಿ ರಿಸರ್ವ್ ಬ್ಯಾಂಕು ನೋಟಿನ ಕಟ್ಟಿಗೆ ಪಿನ್ನು ಹೊಡೆಯಬಾರದು, ಕಾಗದದ ಪಟ್ಟಿ ಸುತ್ತಬೇಕು ಎಂದು ಆದೇಶ ಮಾಡಿತಲ್ಲ, ಆ ಕಾಲದಿಂದ ಪಿನ್ನಿನ ಬೆಲೆ ಇಳಿದೇ ಇದೆ. ಬಿರುಕಿಗೆ ಅಡ್ಡಲಾಗಿ, ಒಳಮುಖದಲ್ಲಿ ಒಂದು ಪಿನ್ನಿಟ್ಟು, ಕಾದ ಸಾಲ್ಡರಿಂಗ್ ಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ಪಿನ್ನು ಬಿಸಿಯಾಗಿ ಪ್ಲಾಸ್ಟಿಕ್ಕಿನೊಳಗೆ ಮುಳುಗುತ್ತದೆ. ಕಡ್ಡಿ ತೆಗೆದು, ಆರುವವರೆಗೆ ಸೂಜಿಯಿಂದ ಅದುಮಿ ಹಿಡಿದು, ಮೇಲೆ ಅಂಬಲಿ ಸವರಿ. ಎರಡು ಪಿನ್ನು ಸಾಕು. ಮೊದಲು ಕಾಯಿಸುವ ಕೆಲಸ, ಅದು ಪೂರ್ತಿ ಮುಗಿದು ಕಡ್ಡಿ ತಣ್ಣಗಾದ ಮೇಲೆ ಅಸಿಟೋನ್ ಸೀಸೆಯ ಮುಚ್ಚಳ ತೆಗೆಯಬೇಕು. ಈ ಕ್ರಮ ತಿರುವುಮುರುವು ಮಾಡಬೇಡಿ.

ಕಳೆದುಹೋದ ಗುಂಡಿಗೆ ಅಚ್ಚು ತೆಗೆಯಬೇಕಾಯಿತು. ಬಚ್ಚಲಿನ ಸಂದಿಗೆ ಬಳಿಯುವ, ವಿನೆಗರಿನ ವಾಸನೆಯ ಸಿಲಿಕೋನ್ ತಂದು, ಮೆಕ್ಕೆಜೋಳದ ಪಿಷ್ಟ, ಅದೇ ಕಾರ್ನ್‌ಫ್ಲೋರ್, ಬೆರೆಸಿ ಚಪಾತಿ ಹಿಟ್ಟಿನಂತೆ ನಾದಿ, ವ್ಯಾಸಲಿನ್ ಸವರಿದ ಜೋಡಿ ಗುಂಡಿಯನ್ನು ಅದರಲ್ಲಿ ಒತ್ತಿಟ್ಟೆ. ಗಟ್ಟಿಯಾದ ಮೇಲೆ ಗುಂಡಿ ಕಿತ್ತರೆ ಕುಳಿ ಸಿದ್ಧ. ಎರಡು ಟ್ಯೂಬಿನ ಅರಾಲ್ಡೈಟನ್ನು ಸಮಸಮ ಕಲಸಿ ತುಂಬಿ ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಹೊಸ ಗುಂಡಿ. ಬಣ್ಣ ಜೇನಿನಂತೆ ಬಂತು, ಕೆಂಪು ಬರಲಿಲ್ಲ. ಬೆಂಗಳೂರಿನಲ್ಲಿ ಈಗ ಕಂಪ್ಯೂಟರಿನಿಂದ ಪ್ಲಾಸ್ಟಿಕ್ ವಸ್ತುವನ್ನೇ ಪದರಪದರವಾಗಿ ಅಚ್ಚು ಮಾಡಿಕೊಡುವವರಿದ್ದಾರೆ, ಹೋಗಿಬರುವ ಶಕ್ತಿಯಿದ್ದವರು ಅವರಲ್ಲಿ ಕೇಳಬಹುದು.

ರಬ್ಬರಿನ ಬಗ್ಗೆ ಎರಡು ಮಾತು ಸಾಕು. ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಕಪ್ಪು ಬಿಲ್ಲೆ ಸವೆದಿದ್ದರೆ ೬ಬಿ ಪೆನ್ಸಿಲನ್ನು ಒತ್ತಿ ತೀಡಿದರೆ ಕೆಲವು ತಿಂಗಳು ನಡೆಯುತ್ತದೆ. ಹಲಗೆಯ ಗೆರೆಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಎಮರಿ ಕಾಗದ ಮಾತ್ರ ತಾಗಿಸಬೇಡಿ.

ಎಲ್ಲ ಮುಗಿಸಿ ಮುಚ್ಚುವಾಗ ಸ್ಕ್ರೂಗಳನ್ನು ಬಿಗಿಯಾಗಿ ತಿರುಗಿಸಬೇಡಿ. ಮೊದಲು ಹಿಂದಕ್ಕೆ ತಿರುಗಿಸಿ, ಟಿಕ್ ಎಂದು ಹಳೆಯ ಗೆರೆಗೆ ಬಿದ್ದ ಮೇಲೆ ಮುಂದಕ್ಕೆ ತಿರುಗಿಸಿ. ಇಲ್ಲವಾದರೆ ಹೊಸ ಗೆರೆ ಕೊರೆದು ಕಂಬವೇ ಸೀಳುತ್ತದೆ.

ಭಾನುವಾರ ಮಗ ಬಂದ. ಪೆಟ್ಟಿಗೆ ಟಿ.ವಿ. ಮುಂದೆಯೇ ಇತ್ತು. ನಾನು ಏನೋ ಹೇಳಬೇಕೆಂದಿದ್ದವನು ಪೇಪರು ಹಿಡಿದು ಕುಳಿತೆ. ಅವನು ಪ್ಯಾಡು ಎತ್ತಿ ಕೂಡುಗುರುತಿನ ಗುಂಡಿಯನ್ನು ನಾಲ್ಕು ಕಡೆಗೂ ತೂಗಿ ನೋಡಿದ. ಜೇನುಬಣ್ಣದ ಗುಂಡಿಯ ಮೇಲೆ ಹೆಬ್ಬೆರಳು ಆಡಿಸಿದ. ರೀಸೆಟ್ ಗುಂಡಿ ಒತ್ತಿ, ಅದು ಮೇಲೇಳುವುದನ್ನು ನೋಡಿದ.

'ಒಣಗೋಕೆ ಎಷ್ಟು ದಿನ ಬಿಟ್ಟೆ ಅಪ್ಪಾ?'

'ಒಂದು ದಿನ.'

'ಇನ್ನೊಂದು ದಿನ ಬಿಡಬೇಕಿತ್ತು.'

'ನಾನು ಕುಕ್ಕಿದ್ದು ತಪ್ಪಾಯ್ತು ಕಣೋ' ಎಂದೆ. ಪೇಪರಿನಿಂದ ಕಣ್ಣೆತ್ತದೆಯೇ ಎಂದೆ. ಅವನು ಉತ್ತರ ಕೊಡಲಿಲ್ಲ. ಎರಡನೆಯ ಪ್ಯಾಡನ್ನು ತನ್ನ ಮಗನ ಕೈಗೆ ಕೊಟ್ಟು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತ. ಆ ದಿನ ನಾವು ಊಟಕ್ಕೆ ಎದ್ದಾಗ ಮೂರು ಗಂಟೆ.

ಹೋಗುವಾಗ ಬಾಗಿಲಲ್ಲಿ ನಿಂತು, 'ಆ ಪಿನ್ನು ತುಕ್ಕು ಹಿಡಿಯುತ್ತೆ, ಮುಂದಿನ ವಾರ ಸ್ಟೀಲಿನ ತಂತಿ ತರ್ತೀನಿ' ಅಂದ. ಆದ್ದರಿಂದ ಕೇಳುಗರೇ, ಮೇಲೆ ನಾನು ಪಿನ್ನು ಎಂದು ಹೇಳಿದ ಕಡೆಯಲ್ಲೆಲ್ಲ ತಾವು ತುಕ್ಕು ಹಿಡಿಯದ ಸ್ಟೀಲ್ ತಂತಿ ಎಂದು ತಿದ್ದಿಕೊಳ್ಳಬೇಕು.